ಚೆಲುವಯ್ಯನ ಹೊಟ್ಟೆಯ ಡಬ್ಬಿ

ಸೋಮವಾರ ಸಂಜೆ ಚೆಲುವಯ್ಯನ ಹೊಕ್ಕುಳಿನಿಂದ ನಾಲ್ಕು ಬೆರಳು ಆಚೆಗೆ ಕೂದಲೆಳೆಯಂಥ ಒಂದು ತಂತಿ ಒಳಗೆ ಹೋಯಿತು. ಅದರ ಇನ್ನೊಂದು ತುದಿ ಸೊಂಟಕ್ಕೆ ಕಟ್ಟಿದ ಡಬ್ಬಿಗೆ ಸೇರಿತ್ತು. ಡಬ್ಬಿ ದೊಡ್ಡದೇನಲ್ಲ, ಎಲೆಯಡಿಕೆ ಚೀಲದಲ್ಲಿ ಹಿಡಿಯುವಷ್ಟು. ಐದೈದು ನಿಮಿಷಕ್ಕೊಮ್ಮೆ ಅವನ ಮೈಯೊಳಗಿನ ಸಕ್ಕರೆಯನ್ನು ಅಳೆದು ಬರೆದುಕೊಳ್ಳುವುದು ಅದರ ಕೆಲಸ. ಏನು ಬರೆದುಕೊಂಡೆ ಎಂದು ಕಟ್ಟಿಕೊಂಡವನಿಗೆ ಮಾತ್ರ ಹೇಳುತ್ತಿರಲಿಲ್ಲ. ಗುರುವಾರ ಸಂಜೆ ವಾಪಸು ತಂದರೆ ಕ್ಲಿನಿಕ್ಕಿನ ಕಂಪ್ಯೂಟರಿನ ಮುಂದೆ ಅದು ಎಲ್ಲವನ್ನೂ ಕಕ್ಕುತ್ತದೆ ಎಂದು ಡಾಕ್ಟರು ಹೇಳಿದ್ದರು.

ಡಾಕ್ಟರ ಹೆಸರು ರಮ್ಯಾ. ಬೆಂಗಳೂರಿನವರು. ಸೋಮವಾರ ಮತ್ತು ಗುರುವಾರ ರಾಮನಗರಕ್ಕೆ ಬಂದು ಸಕ್ಕರೆ ಕಾಯಿಲೆಯವರನ್ನಷ್ಟೇ ನೋಡುತ್ತಿದ್ದರು. ವಯಸ್ಸು ಚಿಕ್ಕದು, ಮಾತು ಮೆದು, ಆದರೆ ಹೇಳಿದ್ದು ಕೇಳಿ ಚೆಲುವಯ್ಯನ ಜೀವ ಬಾಯಿಗೆ ಬಂದಿತ್ತು. ಮಾತ್ರೆ ನಿಮಗೆ ಸಾಲುತ್ತದೋ ಇಲ್ಲವೋ ಈ ಡಬ್ಬಿ ಹೇಳುತ್ತದೆ, ಸಾಲದಿದ್ದರೆ ಅಂದಿನಿಂದಲೇ ಇನ್ಸುಲಿನ್, ದಿನಕ್ಕೆರಡು ಸಲ, ಹೊಟ್ಟೆಗೆ, ಎಂದಿದ್ದರು.

ಹೊಟ್ಟೆಗೆ ಸೂಜಿ ಎಂಬ ಎರಡು ಪದ ಚೆಲುವಯ್ಯನಿಗೆ ಹೊಸದಲ್ಲ. ಹತ್ತು ವರ್ಷದ ಹುಡುಗನಾಗಿದ್ದಾಗ ನಾಯಿ ಕಚ್ಚಿ, ಹೊಕ್ಕುಳ ಸುತ್ತ ಹದಿನಾಲ್ಕು ಸೂಜಿ ಎಂದು ಬರೆದುಕೊಟ್ಟಿದ್ದರು. ಎಂಟರವರೆಗೆ ನಾಲ್ಕು ಜನ ಹಿಡಿದುಕೊಂಡು ಹಾಕಿಸಿದರು. ಒಂಬತ್ತನೆಯ ದಿನ ಅವನು ಆಸ್ಪತ್ರೆಯ ಕಿಟಕಿಯಿಂದ ಹಾರಿದವನು ನಿಂತಿದ್ದು ಅಜ್ಜಿಯ ಊರಿನಲ್ಲಿ. ಈಗ ಅವನಿಗೆ ನಲವತ್ತೊಂಬತ್ತು, ಮೊಣಕಾಲು ನೋವು ಬೇರೆ, ಕಿಟಕಿ ಹಾರುವ ಕಾಲ ಕಳೆದಿತ್ತು. ತಂತಿ ಚುಚ್ಚುವಾಗಲೂ ಇದೊಂದು ಸಲ ಎಂದು ಕಣ್ಣುಮುಚ್ಚಿ ಮನೆದೇವರನ್ನು ನೆನೆದು ಸಹಿಸಿದ್ದ. ದಿನಾ ಎರಡು ಸಲ ನೆನೆಯುವುದಾದರೆ ದೇವರಿಗೇ ಬೇಸರವಾದೀತು.

ಹಾಗಾಗಿ ಅವನು ಡಾಕ್ಟರು ಕೊಟ್ಟ ಕಟ್ಟಳೆಗಳನ್ನು ಪರೀಕ್ಷೆಗೆ ಕೂತವನಂತೆ ಪಾಲಿಸುತ್ತಿದ್ದ. ದಿನಕ್ಕೆ ನಾಲ್ಕು ಸಲ ಬೆರಳು ಚುಚ್ಚಿ ಬಂದ ಸಂಖ್ಯೆಯನ್ನು ಡಬ್ಬಿಗೆ ಒತ್ತಬೇಕು, ಮರೆತರೆ ಅದು ಕೂಗುತ್ತದೆ. ಬಾಯಿಗೆ ಹೋದದ್ದನ್ನೆಲ್ಲ ಒಂದು ಪುಸ್ತಕದಲ್ಲಿ ಬರೆಯಬೇಕು. ಊಟದ ರೀತಿಯನ್ನು ಮಾತ್ರ ಬದಲಾಯಿಸಬಾರದು, ಎಂದೂ ತಿನ್ನುವಂತೆಯೇ ತಿನ್ನಬೇಕು.

ಪುಸ್ತಕ ಬರೆಯುವುದು ಚೆಲುವಯ್ಯನಿಗೆ ಅಭ್ಯಾಸವಿತ್ತು. ಕೈಲಾಂಚದ ಪಕ್ಕದ ಅವನ ಊರಿನಲ್ಲಿ ರೇಷ್ಮೆ ಹುಳುವಿಗೆ ಇಷ್ಟು ಗಂಟೆಗೆ ಇಷ್ಟು ಮೇವು ಎಂದು ಬರೆದಿಡುತ್ತಿದ್ದವನು ಅವನೊಬ್ಬನೇ. ರೇಷ್ಮೆ ಇಲಾಖೆಯ ದೊಡ್ಡಮುನಿಯಪ್ಪ ಸಾಹೇಬರು ಮೊಪೆಡ್ಡಿನಲ್ಲಿ ಬಂದಾಗಲೆಲ್ಲ ಅದಕ್ಕೆ ರುಜು ಹಾಕಿ ಹೋಗುತ್ತಿದ್ದರು. ತನ್ನ ಊಟಕ್ಕೂ ಅವನು ಅಂಥದೇ ಇನ್ನೊಂದು ಪುಸ್ತಕ ತಂದ. ಅದೇ ಅಂಗಡಿ, ರಟ್ಟಿನ ಮೇಲೆ ಅದೇ ನವಿಲು. 'ಬೆ. 8, ರಾಗಿ ರೊಟ್ಟಿ ಒಂದು (ಚಿಕ್ಕದು). ಬೆ. 11, ಕಾಫಿ ಅರ್ಧ ಲೋಟ (ಸಕ್ಕರೆ ಇಲ್ಲ, ಲೋಟದ ತಳದಲ್ಲಿ ಹಳೆಯದು ಇದ್ದಿರಬಹುದು)' ಎಂದು ಮೊದಲ ದಿನವೇ ಒಂದು ಪುಟ ತುಂಬಿಸಿದ.

ತೊಂದರೆ ಶುರುವಾದದ್ದು ಆ ಪುಸ್ತಕವನ್ನು ಜಗಲಿಯ ಮೇಲೆ ಬಿಟ್ಟದ್ದರಿಂದ. ಬುಧವಾರದ ಹೊತ್ತಿಗೆ ಬೀದಿಯವರೆಲ್ಲ ಅದನ್ನು ಓದಿದ್ದರು. ಚೆಲುವಯ್ಯ ಏನು ತಿಂದ ಎಂಬುದು ಯಾರಿಗೂ ಬೇಕಿರಲಿಲ್ಲ, ತಮ್ಮ ಮನೆಯಲ್ಲಿ ತಿಂದದ್ದನ್ನು ಬರೆದಿದ್ದಾನೋ ಇಲ್ಲವೋ ಎಂಬುದು ಬೇಕಿತ್ತು. ಎದುರು ಮನೆಯ ಹುಚ್ಚಯ್ಯ ಬೆರಳಿಗೆ ಉಗುಳು ಹಚ್ಚಿ ಎರಡು ಸಲ ತಿರುವಿ ಹಾಕಿದ.

"ಮಂಗಳವಾರ ನಮ್ಮನೇಲಿ ಮಜ್ಜಿಗೆ ಕುಡುದ್ಯಲ್ಲ, ಎಲ್ಲೈತೆ? ಅವರಿವರ ಮನೆ ಕಾಫಿನೆಲ್ಲ ಬರ್ದಿದ್ದೀಯ, ನಮ್ಮನೆ ಮಜ್ಜಿಗೆ ಡಾಕ್ಟ್ರು ಕಣ್ಗೆ ಬೀಳ್ಬಾರ್ದಾ?"

ನಿಜವಾಗಿಯೂ ಮರೆತಿದ್ದ ಚೆಲುವಯ್ಯ ಗಾಬರಿಯಾಗಿ ಪೆನ್ನು ತೆಗೆದು 'ಮಜ್ಜಿಗೆ' ಎಂದು ಸಂದಿಯಲ್ಲಿ ಸೇರಿಸಿದ. 'ಕಡೆದದ್ದು, ಗಟ್ಟಿ' ಎಂದು ಹುಚ್ಚಯ್ಯ ನಿಂತು ಬರೆಸಿದ. ಅದು ಗೊತ್ತಾಗಿ ಮೂಲೆಮನೆಯ ಬದ್ರುನ್ನೀಸಾ ಎರಡು ಖರ್ಜೂರ ಕೈಗೆ ಹಾಕಿ, ತಿಂದು ಮುಗಿಸುವವರೆಗೆ ಅಲ್ಲೇ ನಿಂತು, ಆಮೇಲೆ ಪುಸ್ತಕದ ಕಡೆ ನೋಡಿದಳು. ಹೀಗೇ ಬಿಟ್ಟರೆ ಬರೆಸುವುದಕ್ಕೋಸ್ಕರವೇ ಬೀದಿಯವರು ತನಗೆ ತಿನ್ನಿಸುತ್ತಾರೆ ಎಂದು ಚೆಲುವಯ್ಯನಿಗೆ ಹೊಳೆಯಿತು. ಅವತ್ತೇ ಪುಸ್ತಕವನ್ನು ಹುಳು ಸಾಕುವ ಮನೆಯ ಹಲಗೆಗೆ, ಹುಳುವಿನ ಪುಸ್ತಕದ ಪಕ್ಕಕ್ಕೆ ಸೇರಿಸಿದ. ಹೊರಗಿನವರು ಕಾಲಿಟ್ಟರೆ ಹುಳುವಿಗೆ ರೋಗ ಎಂಬ ಭಯ ಊರಿಗೆಲ್ಲ ಇದ್ದದ್ದರಿಂದ, ಬ್ಯಾಂಕಿನ ತಿಜೋರಿಗಿಂತ ಅದು ಭದ್ರವಾದ ಜಾಗ.

ಗುರುವಾರ ಬೆಳಗಾಯಿತು. ಇನ್ನು ಕೆಲವೇ ಗಂಟೆ. ಹುಳುಗಳು ಅವತ್ತು ಎರಡನೇ ಜ್ವರಕ್ಕೆ ಕೂತಿದ್ದವು. ಪೊರೆ ಬಿಡುವ ಮುಂಚೆ ಮೇವು ನಿಲ್ಲಿಸಿ ತಲೆ ಎತ್ತಿ ಅಲ್ಲಾಡದೆ ಕೂರುವುದನ್ನು ಆ ಕಡೆ ಜ್ವರ ಎನ್ನುತ್ತಾರೆ, ಥರ್ಮಾಮೀಟರಿಗೆ ಕೆಲಸವಿಲ್ಲದ ಜ್ವರ. ಅವುಗಳ ಮೇಲೆ ಸುಣ್ಣದ ಪುಡಿ ಉದುರಿಸಿ ಚೆಲುವಯ್ಯ ಹೊರಗೆ ಬರುವಾಗ, ತಾನೂ ಸಂಜೆವರೆಗೆ ಹೀಗೇ ಬಾಯಿ ಮುಚ್ಚಿ ಕೂತುಬಿಟ್ಟರೆ ಎಷ್ಟು ಚೆನ್ನ ಎಂದುಕೊಂಡ.

ಆದರೆ ಅವತ್ತು ದೇವರಾಜುವಿನ ಗೃಹಪ್ರವೇಶ. ಹೆದ್ದಾರಿ ಕಡೆಯ ಅವನ ಹೊಲ ಕಾರ್ಖಾನೆಯ ಗೋಡೌನಿಗೆ ಹೋಗಿ, ಆ ದುಡ್ಡಿನಲ್ಲಿ ಎರಡು ಅಂತಸ್ತಿನ ಮನೆ ಎದ್ದಿತ್ತು. ಊರಿನಲ್ಲಿ ಮೊದಲ ಸಲ ನೆಲ ಮುಖ ಕಾಣುವಷ್ಟು ಹೊಳೆಯುತ್ತಿತ್ತು, ಬಂದವರು ಐಸಿನ ಮೇಲೆ ನಡೆದಂತೆ ಗೋಡೆ ಹಿಡಿದು ನಡೆಯುತ್ತಿದ್ದರು. ಚೆಲುವಯ್ಯ ಮತ್ತು ದೇವರಾಜು ಒಂದೇ ಎತ್ತಿನ ಗಾಡಿಯಲ್ಲಿ ಶಾಲೆಗೆ ಹೋದವರು. ಹೋಗದೆ ಇರುವಂತಿಲ್ಲ. ಹೋಗಿ ಉಣ್ಣದೆ ಬರುವಂತೆಯೂ ಇಲ್ಲ.

ಉಣ್ಣುವುದೋ ಬಿಡುವುದೋ ಎಂಬ ಪ್ರಶ್ನೆಯನ್ನು ಅವನು ಭಾಮೈದ ಲೋಕೇಶನ ಮುಂದಿಟ್ಟ. ಲೋಕೇಶ್ ಬಿಡದಿಯ ಒಂದು ಕಾರ್ಖಾನೆಯಲ್ಲಿ ಗೇಟು ಕಾಯುವವನು. ಒಳಗಿನ ಯಂತ್ರಗಳನ್ನೆಲ್ಲ ಗೇಟಿನಿಂದಲೇ ನೋಡಿ, ಯಂತ್ರಗಳ ವಿಷಯದಲ್ಲಿ ಮಾತಾಡುವ ಅಧಿಕಾರ ಸಂಪಾದಿಸಿದ್ದ. ಸಂಜೆ ತನ್ನ ಬೈಕಿನಲ್ಲಿ ಕ್ಲಿನಿಕ್ಕಿಗೆ ಬಿಡಲು ರಜೆ ಹಾಕಿ ಬಂದಿದ್ದ.

"ಮೀಟ್ರು ಅಂದ್ಮೇಲೆ ಓಡ್ಬೇಕು ಬಾವ" ಎಂದ ಲೋಕೇಶ್. "ಮೂರು ದಿನ ಅರ್ಧ ಮುದ್ದೆ, ಅರ್ಧ ಮುದ್ದೆ ಅಂತ ಒಂದೇ ಸಮ ಇಟ್ಟಿದ್ದೀಯ. ಕರೆಂಟ್ನೋರು ಬಂದು ನೋಡಿದಾಗ ಮೀಟ್ರು ಇದ್ದಲ್ಲೇ ಇದ್ರೆ ಏನಂತಾರೆ? ಕೆಟ್ಟೋಗೈತೆ ಅಂತಾರೆ. ಬಿಚ್ಚಿ ಇನ್ನೊಂದು ಕಟ್ತಾರೆ. ಇನ್ನ ಮೂರು ದಿನ."

ಇನ್ನೊಂದು ಸಲ ತಂತಿ ಎಂಬ ಮಾತಿಗೆ ಚೆಲುವಯ್ಯ ಸೊಂಟದ ಡಬ್ಬಿಯನ್ನು ಒತ್ತಿ ಹಿಡಿದುಕೊಂಡ. ಡಾಕ್ಟರ ಮಾತನ್ನು ಮತ್ತೆ ಮತ್ತೆ ನೆನೆಸಿಕೊಂಡ. ಎಂದೂ ತಿನ್ನುವಂತೆಯೇ ತಿನ್ನಬೇಕು. ದೇವರಾಜುವಿನ ಮನೆಯ ಶುಭಕಾರ್ಯದಲ್ಲಿ ಎಂದಾದರೂ ಒಬ್ಬಟ್ಟು ಬಿಟ್ಟಿದ್ದಾನೆಯೇ? ಇಲ್ಲ. ಹಾಗಾದರೆ ಇವತ್ತು ಬಿಟ್ಟರೆ ಅದು ಡಬ್ಬಿಗೆ ಸುಳ್ಳು ಹೇಳಿದಂತೆ ಆಗುವುದಿಲ್ಲವೇ? ಪ್ರಾಮಾಣಿಕನಾದವನು ಒಂದು ಒಬ್ಬಟ್ಟು ತಿನ್ನಲೇಬೇಕು ಎಂಬ ತೀರ್ಮಾನಕ್ಕೆ ಬಂದು, ಬಂದ ಮೇಲೆ ಆ ತೀರ್ಮಾನ ಸರಿಯೇ ಎಂದು ಮತ್ತೆ ಚಿಂತಿಸುತ್ತ ಪಂಕ್ತಿಯಲ್ಲಿ ಕೂತ.

ಮೊದಲನೆಯ ಒಬ್ಬಟ್ಟು ಅವನ ಸ್ವಂತ ನಿರ್ಧಾರ. ಅದರ ಮೇಲೆ ತುಪ್ಪ ಬಿದ್ದದ್ದು ಬಡಿಸುವವರ ನಿರ್ಧಾರ. ಎರಡನೆಯದು ಬಂದಾಗ ಎಲೆಯ ಮೇಲೆ ಕೈ ಅಡ್ಡ ಹಿಡಿದ. ಬಡಿಸುವವನು ಒಬ್ಬಟ್ಟನ್ನು ಅಂಗೈ ಹಿಂಬದಿಯ ಮೇಲೇ ಇಟ್ಟು ಮುಂದೆ ಹೋದ. ಹಸ್ತದ ಮೇಲೆ ಕೂತ ಬಿಸಿ ಒಬ್ಬಟ್ಟನ್ನು ಏನು ಮಾಡುವುದು? ತಿಂದ. ಇನ್ನು ಏಳಬೇಕು ಎನ್ನುವಷ್ಟರಲ್ಲಿ ಸೊಂಟದ ಡಬ್ಬಿ ಕೀಂಯ್ ಕೀಂಯ್ ಎಂದು ಕೂಗಿತು. ಗಡಿಬಿಡಿಯಲ್ಲಿ ಮಧ್ಯಾಹ್ನದ ಬೆರಳು ಚುಚ್ಚುವುದನ್ನು ಮರೆತಿದ್ದ. ಪಂಕ್ತಿಯವರೆಲ್ಲ ಮೊದಲು ತಂತಮ್ಮ ಮೊಬೈಲು ಮುಟ್ಟಿ ನೋಡಿಕೊಂಡರು. ಆಮೇಲೆ ಸದ್ದು ಚೆಲುವಯ್ಯನ ಹೊಟ್ಟೆಯಿಂದ ಬರುತ್ತಿದೆ ಎಂದು ಗೊತ್ತಾಗಿ ಎಲೆ ಬಿಟ್ಟು ಅವನ ಕಡೆ ತಿರುಗಿದರು.

ದೇವರಾಜು ತಾನೇ ಒಬ್ಬಟ್ಟಿನ ತಟ್ಟೆ ಹಿಡಿದು ಬಂದ. "ನೀನು ಬ್ಯಾಡ ಅಂದ್ರೂ ನಿನ್ನ ಹೊಟ್ಟೆ ಕೇಳ್ತಾ ಐತೆ ಕಣ್ಲಾ" ಎಂದು ಎರಡು ಹಾಕಿದ. ಡಬ್ಬಿ ಮತ್ತೆ ಕೂಗಿತು. "ಸಾಲದಂತೆ" ಎಂದು ಇನ್ನೆರಡು ಹಾಕಿದ. ಪಂಕ್ತಿ ನಗೆಯಲ್ಲಿ ಮುಳುಗಿತು. ಎದ್ದು ಹೋಗಿ ಬೆರಳು ಚುಚ್ಚಿ ಅದನ್ನು ಸುಮ್ಮನಾಗಿಸಬೇಕಾದರೆ ಎಲೆ ಖಾಲಿ ಮಾಡಬೇಕು. ಹೊಸ ಮನೆಯಲ್ಲಿ ಮೊದಲ ದಿನ ಎಲೆಯಲ್ಲಿ ಸಿಹಿ ಬಿಟ್ಟು ಎದ್ದರೆ ಮನೆಗೆ ಶ್ರೇಯಸ್ಸಲ್ಲ ಎಂದು ದೇವರಾಜುವಿನ ತಾಯಿ ಬಾಗಿಲಲ್ಲೇ ಕೂತು ನೋಡುತ್ತಿದ್ದರು. ಚೆಲುವಯ್ಯ ರೇಷ್ಮೆ ಹುಳು ಕೊನೆಯ ದಿನ ಮೇಯುವ ವೇಗದಲ್ಲಿ ನಾಲ್ಕನ್ನೂ ಮುಗಿಸಿ ಎದ್ದ.

ದಾರಿಯುದ್ದಕ್ಕೂ ಹೆಂಡತಿ ಶಿವಲಿಂಗಮ್ಮ ಅವನನ್ನು ಬಿಡಲಿಲ್ಲ. ಹೆಂಗಸರ ಪಂಕ್ತಿಯಿಂದ ಅವಳು ಆರನ್ನೂ ಎಣಿಸಿದ್ದಳು. ಹೊಟ್ಟೆಗೆ ಸೂಜಿ ಬಿದ್ದ ದಿನ ತನ್ನನ್ನು ಕರೆಯಬೇಡಿ ಎಂದಳು. ಹಾಗೆ ಅಂದದ್ದೇ ಅವಳ ಕಣ್ಣಲ್ಲಿ ನೀರು ಬಂತು, ಅದನ್ನು ಸೆರಗಿನಲ್ಲಿ ಒರೆಸಿಕೊಂಡು ಇನ್ನಷ್ಟು ಬೈದಳು.

ಮನೆಗೆ ಬಂದವನೇ ಚೆಲುವಯ್ಯ ಹುಳುವಿನ ಮನೆಗೆ ಹೋಗಿ, ನವಿಲಿನ ಪುಸ್ತಕ ತೆಗೆದು, ಬಾಗಿಲ ಸಂದಿಯ ಬೆಳಕಿಗೆ ಹಿಡಿದು 'ಮ. 1, ಒಬ್ಬಟ್ಟು 6 (ತುಪ್ಪ ಸಹಿತ)' ಎಂದು ಬರೆದ. ಬೇಡ ಎಂದು ಲೋಕೇಶ್ ಹೊರಗಿನಿಂದ ಕೂಗಿ ಹೇಳಿದ, ಎರಡು ಅಂತ ಬರೆ ಸಾಕು ಎಂದ. ಚೆಲುವಯ್ಯ ಒಂದು ಗಳಿಗೆ ಆರನ್ನು ಎರಡು ಮಾಡಲಾದೀತೇ ಎಂದು ಅಂಕಿಯ ಆಕಾರವನ್ನು ನೋಡಿದ್ದು ಸುಳ್ಳಲ್ಲ. ಆದರೆ ಡಬ್ಬಿಗೆ ಒಂದು, ಪುಸ್ತಕಕ್ಕೆ ಒಂದು ಹೇಳುವ ಧೈರ್ಯ ಅವನಿಗೆ ಬರಲಿಲ್ಲ. ಪುಸ್ತಕವನ್ನು ಹಲಗೆಯ ಮೇಲಿಟ್ಟು, ಜ್ವರಕ್ಕೆ ಕೂತ ಹುಳುಗಳನ್ನು ಒಂದು ಸುತ್ತು ನೋಡಿ ಬಂದ. ಬೈಕಿನ ಹಾರನ್ ಮೂರು ಸಲ ಕೂಗಿತು. ಕಿಟಕಿಗೆಲ್ಲ ಗೋಣಿ ಕಟ್ಟಿದ ಆ ಕತ್ತಲಲ್ಲಿ ಕೈಗೆ ಸಿಕ್ಕಿದ ನವಿಲನ್ನು ಚೀಲಕ್ಕೆ ಹಾಕಿಕೊಂಡು ಓಡಿದ.

ಕ್ಲಿನಿಕ್ಕಿನಲ್ಲಿ ನರ್ಸು ತಂತಿ ಕಿತ್ತು, ಡಬ್ಬಿಯನ್ನು ಕಂಪ್ಯೂಟರಿಗೆ ಸಿಕ್ಕಿಸಿದಳು. ಅದು ಬಾಯಿ ಬಿಡುವಷ್ಟರಲ್ಲಿ ಡಾಕ್ಟರು ಪುಸ್ತಕ ತೆರೆದರು. ಚೆಲುವಯ್ಯ ಬೆಂಚಿನ ತುದಿಯಲ್ಲಿ, ರೇಷ್ಮೆಗೂಡಿನ ಹರಾಜಿನಲ್ಲಿ ಬೆಲೆ ಕೂಗುವುದನ್ನು ಕಾಯುವವನಂತೆ ಕೂತಿದ್ದ.

"ಎಷ್ಟು ಅಚ್ಚುಕಟ್ಟಾಗಿ ಬರೆದಿದ್ದೀರಿ" ಎಂದರು ಡಾಕ್ಟರು. "ಬೆಳಿಗ್ಗೆ ಆರಕ್ಕೆ ಎಳೆ ಸೊಪ್ಪು, ಸಣ್ಣಗೆ ಹೆಚ್ಚಿ. ಹನ್ನೊಂದಕ್ಕೆ ಸೊಪ್ಪು. ನಾಲ್ಕಕ್ಕೆ ಸೊಪ್ಪು. ರಾತ್ರಿ ಒಂಬತ್ತಕ್ಕೂ ಸೊಪ್ಪು. ಮೂರು ದಿನದಿಂದ ಬರೀ ಸೊಪ್ಪು ತಿಂದಿದ್ದೀರಾ?"

ಚೆಲುವಯ್ಯ ಕತ್ತು ಚಾಚಿ ನೋಡಿದ. ಡಾಕ್ಟರ ಕೈಯಲ್ಲಿದ್ದದ್ದು ಹುಳುವಿನ ಪುಸ್ತಕ. ಅದಲ್ಲ ಎನ್ನಲು ಬಾಯಿ ತೆರೆದ. ಅಷ್ಟರಲ್ಲಿ ಡಾಕ್ಟರು ಮೊದಲ ಪುಟಕ್ಕೆ ತಿರುವಿ, ಎರಡು ವಾರದ ಹಿಂದೆ ನೂರೈವತ್ತು ಮೊಟ್ಟೆ ಎಂದಿದೆಯಲ್ಲ ಎಂದು ಹುಬ್ಬೇರಿಸಿದರು. ಅದು ಅವನು ಇಲಾಖೆಯಿಂದ ತಂದಿದ್ದ ರೇಷ್ಮೆ ಮೊಟ್ಟೆ. ಹೋಗಲಿ, ಆ ಅಭ್ಯಾಸ ಬಿಟ್ಟದ್ದು ಒಳ್ಳೆಯದಾಯಿತು ಎಂದು ತಾವೇ ಸಮಾಧಾನ ಮಾಡಿಕೊಂಡರು. ಅವತ್ತಿನ ಪುಟದಲ್ಲಿ 'ಎರಡನೇ ಜ್ವರ. ಬೆಳಗಿನಿಂದ ಮೇವಿಲ್ಲ. ಸುಣ್ಣ ಹಾಕಿದೆ' ಎಂದಿತ್ತು. ಜ್ವರ ಬಂದಿದ್ದರೂ ಉಪವಾಸವಿದ್ದು ಇಲ್ಲಿವರೆಗೆ ಬಂದಿರಲ್ಲ ಎಂದು ಮರುಗಿ, ಸುಣ್ಣ ಎಂದರೆ ಎಲೆಯಡಿಕೆಯೇ, ಅದನ್ನೂ ಬಿಡಿ ಎಂದರು.

ತಿದ್ದಬೇಕು ಎಂದು ಚೆಲುವಯ್ಯನ ಮನಸ್ಸು ಹೇಳಿತು. ಆದರೆ ಡಾಕ್ಟರ ಮುಖದಲ್ಲಿ ಅಷ್ಟೊಂದು ಮೆಚ್ಚುಗೆ ಇತ್ತು, ಪಕ್ಕದಲ್ಲಿ ಲೋಕೇಶ್ ಮೊಣಕೈಯಿಂದ ತಿವಿದು ಸುಮ್ಮನಿರು ಎನ್ನುತ್ತಿದ್ದ. ಇಷ್ಟು ಒಳ್ಳೆಯ ಪುಸ್ತಕಕ್ಕೆ ಯಾರು ತಾನೇ ಸೂಜಿ ಚುಚ್ಚುತ್ತಾರೆ? ಜೀವನದಲ್ಲಿ ಮೊದಲ ಸಲ ಚೆಲುವಯ್ಯ ಒಂದು ಸುಳ್ಳನ್ನು ಅದರ ಪಾಡಿಗೆ ಬಿಟ್ಟ.

ಆಗ ಕಂಪ್ಯೂಟರಿನಿಂದ ಕಾಗದ ಬಂತು. ಅದರ ಮೇಲಿನ ಗೆರೆ ಎರಡೂವರೆ ದಿನ ಹೊಲದ ಬದುವಿನಂತೆ ತಗ್ಗಾಗಿ ಹೋಗಿ, ಗುರುವಾರ ಮಧ್ಯಾಹ್ನ ಸಾವನದುರ್ಗದ ಬಂಡೆಯಂತೆ ಒಮ್ಮೆಗೇ ಎದ್ದು ನಿಂತಿತ್ತು. ಡಾಕ್ಟರು ಅದನ್ನೂ ಪುಸ್ತಕವನ್ನೂ ಪಕ್ಕಪಕ್ಕ ಇಟ್ಟು ಬಹಳ ಹೊತ್ತು ನೋಡಿದರು.

"ಚೆಲುವಯ್ಯನವರೇ, ಬೇಜಾರು ಮಾಡಿಕೊಳ್ಳಬೇಡಿ. ಏನಾದರೂ ಸಿಹಿ ತಿಂದು ಇಷ್ಟು ಏರಿದ್ದರೆ, ಸಿಹಿ ಬಿಡಿ ಅಂತ ಹೇಳಿ ಕಳಿಸುತ್ತಿದ್ದೆ. ಬರೀ ಸೊಪ್ಪು ತಿಂದು, ಬೆಳಗಿನಿಂದ ಉಪವಾಸ ಇದ್ದು ಇಷ್ಟು ಏರಿದೆ ಅಂದರೆ ಮಾತ್ರೆ ಕೆಲಸ ಮಾಡುತ್ತಿಲ್ಲ. ಇನ್ಸುಲಿನ್ ಇವತ್ತೇ ಶುರು ಮಾಡೋಣ."

ಚೆಲುವಯ್ಯ ಬೆಂಚಿನಿಂದ ಎದ್ದುಬಿಟ್ಟ. "ಮೇಡಂ, ಆ ಸೊಪ್ಪು ನಾನು ತಿಂದಿದ್ದಲ್ಲ. ಹುಳ ತಿಂದಿದ್ದು."

ಹೊಟ್ಟೆಯಲ್ಲಿ ಹುಳ ಬೇರೆ ಇದೆಯೇ ಎಂದು ಡಾಕ್ಟರು ಇನ್ನೊಂದು ಮಾತ್ರೆ ಬರೆಯಲು ಚೀಟಿ ಎಳೆದುಕೊಂಡರು. ರೇಷ್ಮೆ ಹುಳು, ಹಿಪ್ಪುನೇರಳೆ ಸೊಪ್ಪು, ಜ್ವರ ಎಂದರೆ ಪೊರೆ, ಸುಣ್ಣ ಎಂದರೆ ಪುಡಿ, ಮೊಟ್ಟೆ ಎಂದರೆ ಇಲಾಖೆಯ ಮೊಟ್ಟೆ ಎಂದು ಚೆಲುವಯ್ಯ ಬೆವರುತ್ತ ಎಲ್ಲವನ್ನೂ ಬಿಡಿಸಿ ಹೇಳಿದ. ಆರು ಒಬ್ಬಟ್ಟಿನ ವಿಷಯವನ್ನು ತುಪ್ಪವನ್ನೂ ಬಿಡದೆ ಒಪ್ಪಿಕೊಂಡ. ಕೇಳಿ ಡಾಕ್ಟರು ನಕ್ಕರು. ಸೂಜಿ ಎಂದ ಕೂಡಲೇ ಬರುವವರೆಲ್ಲ ಹೋಳಿಗೆ ತಿಂದವರೇ ಆಗುತ್ತಾರೆ ಎಂದರು. ಆದರೆ ಅವನ ಮುಖ ನೋಡಿ ನಗು ನಿಲ್ಲಿಸಿದರು. ನ್ಯಾಯವಂತ ಹೆಣ್ಣುಮಗಳು. ಆ ಇನ್ನೊಂದು ಪುಸ್ತಕದಲ್ಲಿ ಬರೆದದ್ದು ಕೇಳಿಸಿದರೆ ಸೂಜಿಯ ಮಾತೇ ಬೇಡ ಎಂದರು.

ಚೆಲುವಯ್ಯ ಲೋಕೇಶನ ಮೊಬೈಲಿನಿಂದ ಮನೆಗೆ ಫೋನು ಹಚ್ಚಿದ. ಶಿವಲಿಂಗಮ್ಮ ಫೋನಿನಲ್ಲಿ ಮಾತಾಡಿದರೆ ಫೋನಿಲ್ಲದೆಯೂ ರಾಮನಗರಕ್ಕೆ ಕೇಳಿಸಬೇಕು, ಹಾಗೆ ಮಾತಾಡುವವಳು. ಹುಳುವಿನ ಮನೆಯ ಪುಸ್ತಕ ತಂದು ಓದು ಎಂದ.

"ಅದೆಲ್ಲೈತೆ?" ಎಂದಳು ಅವಳು. "ದೊಡ್ಡಮುನಿಯಪ್ಪ ಸಾಹೇಬ್ರು ಬಂದಿದ್ರು. ಹಲಗೆ ಮ್ಯಾಲೆ ಇದ್ದುದ್ನ ಈಚೆಗೆ ತಂದ್ಕೊಟ್ಟೆ. ಮೊಪೆಡ್ ಮ್ಯಾಲಿಂದ ಇಳೀದೇನೇ ರುಜು ಹಾಕುದ್ರು. ಮೇವು ಸಾಲದು, ಇನ್ನೂ ಜಾಸ್ತಿ ಮಾಡಿ ಅಂತ ಬರ್ದವ್ರಂತೆ. ಮೇಲಿನೋರಿಗೆ ತೋರುಸ್ಬೇಕು ಅಂತ ಆಫೀಸಿಗೆ ತಕ್ಕೊಂಡೋದ್ರು."

ಆರು ಒಬ್ಬಟ್ಟಿನ ಕೆಳಗೆ ಮೇವು ಸಾಲದು ಎಂಬ ಸರ್ಕಾರಿ ರುಜುವನ್ನು ಮನಸ್ಸಿನಲ್ಲೇ ನೋಡಿ ಚೆಲುವಯ್ಯ ಮತ್ತೆ ಬೆಂಚಿಗೆ ಹೋಗಿ ಕೂತ. ಪುಸ್ತಕವಿಲ್ಲದಿದ್ದರೂ ಚಿಂತೆಯಿಲ್ಲ, ನಿಮ್ಮ ಮನೆಯವರನ್ನೇ ಕೇಳುತ್ತೇನೆ ಎಂದು ಡಾಕ್ಟರು ಕೈ ಚಾಚಿದರು. ಚೆಲುವಯ್ಯನಿಗೆ 'ಅಬ್ಬ' ಅನ್ನಿಸಿತು. ಆರನ್ನೂ ಎಣಿಸಿದವಳು ಅವಳು. ದಾರಿಯುದ್ದಕ್ಕೂ ಬೈದವಳು ಅವಳು. ಇದಕ್ಕಿಂತ ದೊಡ್ಡ ಸಾಕ್ಷಿ ಯಾವುದು?

"ನಾನು ನಿಮ್ಮ ಯಜಮಾನರ ಡಾಕ್ಟರಮ್ಮ. ಪುಸ್ತಕದಲ್ಲಿ ಮೂರು ದಿನದಿಂದ ಬರೀ ಸೊಪ್ಪು ಅಂತಿದೆ. ಅವರು ಇವತ್ತು ಮಧ್ಯಾಹ್ನ ಒಬ್ಬಟ್ಟು ತಿಂದರಾ?"

ಶಿವಲಿಂಗಮ್ಮನ ದನಿ ಕ್ಲಿನಿಕ್ಕಿನ ಹೊರಗೆ ಕೂತಿದ್ದವರಿಗೂ ಕೇಳಿಸಿತು.

"ಒಬ್ಬಟ್ಟಾ? ನಮ್ಮೆಜಮಾನ್ರಾ? ಆ ಮಾದಪ್ಪನಾಣೆಗೂ ಇಲ್ಲ ಕಣವ್ವ. ಎಲೆ ಮುಂದೆ ಕೂತಿದ್ರೂ ಒಂದು ಚೂರು ಮೂಸಿ ನೋಡ್ನಿಲ್ಲ. ಮೂರು ದಿನದಿಂದ ಬರೀ ಸೊಪ್ಪು. ಪಾಪ, ಸೊಪ್ಪು ತಿಂದೂ ತಿಂದೂ ಒಣುಗೋಗವ್ರೆ."

ಡಾಕ್ಟರು ಕನಿಕರದಿಂದ ಚೆಲುವಯ್ಯನನ್ನು ನೋಡಿ ಫೋನನ್ನು ಅವನ ಕೈಗೆ ಕೊಟ್ಟರು. ನರ್ಸು ಹತ್ತಿಯನ್ನು ಸ್ಪಿರಿಟ್ಟಿನಲ್ಲಿ ಅದ್ದಿಕೊಂಡು ಹತ್ತಿರ ಬಂದಳು. ಲೋಕೇಶ್ ಗೋಡೆಯ ಕ್ಯಾಲೆಂಡರನ್ನು ಆಸಕ್ತಿಯಿಂದ ಓದತೊಡಗಿದ.

"ಕೇಳುಸ್ತಾ?" ಎಂದಳು ಶಿವಲಿಂಗಮ್ಮ, ಈಗ ಪಿಸುಮಾತಿನಲ್ಲಿ. "ಒಬ್ಬಟ್ಟಿನ ಬುಡಕ್ಕೇ ಬಂದ್ಬುಟ್ಟಿತ್ತು ಆವಮ್ಮ. ನಾನಾಗಿದ್ದಕ್ಕೆ ಉಳಿಸ್ಕೊಂಡೆ. ಇನ್ನ ನೀವು ಏನೂ ಬಾಯ್ ಬುಡ್ಬ್ಯಾಡಿ, ಅವ್ರು ಯೋಳ್ದಂಗೆ ಕೇಳ್ಕೊಂಡು ಬನ್ನಿ."

ಚೆಲುವಯ್ಯ ಬಾಯಿ ಬಿಡಲಿಲ್ಲ. ಅಂಗಿ ಎತ್ತಿದ.